ಫೈಲ್ ಹೆಸರು ಎಲ್ಲ ಕಂಪ್ಯೂಟರ್‌ಗಳಲ್ಲೂ ನಡೆಯುತ್ತದೆಯೇ? ಹಂತ ಹಂತವಾಗಿ ಪರೀಕ್ಷಿಸುವುದು ಹೀಗೆ

ನಮ್ಮೂರಿನ ಶಾಲೆಗೆ ನೂರು ವರ್ಷ ತುಂಬಿದಾಗ ಸ್ಮರಣ ಸಂಚಿಕೆಯ ಲೇಖನಗಳನ್ನು ಒಟ್ಟು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು 118 ಫೈಲ್‌ಗಳು. ಹಲವರು ವಿಂಡೋಸ್‌ನಲ್ಲಿ ಬರೆದಿದ್ದರು, ಇಬ್ಬರು ಮ್ಯಾಕ್‌ನಲ್ಲಿ, ಉಳಿದವರು ಫೋನಿನಲ್ಲಿ. ಎಲ್ಲವನ್ನೂ ನನ್ನ ಹಳೆಯ ಉಬುಂಟು (ಲಿನಕ್ಸ್‌ನ ಒಂದು ರೂಪ) ಲ್ಯಾಪ್‌ಟಾಪ್‌ನಲ್ಲಿ ಜೋಡಿಸಿದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್‌ಗೆ ಹಾಕಿಕೊಂಡು ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಮೂರು ಲೇಖನಗಳು ತೆರೆಯಲೇ ಇಲ್ಲ. ಹೆಸರು ಕಾಣುತ್ತಿತ್ತು, ಕ್ಲಿಕ್ ಮಾಡಿದರೆ ಎರರ್. ಅಳಿಸಲೂ ಆಗುತ್ತಿರಲಿಲ್ಲ.

ಒಂದರ ಹೆಸರು ‘ನಮ್ಮ ಮೊದಲ ಮೇಷ್ಟ್ರು ಯಾರು?’ ಎಂದಿತ್ತು. ಇನ್ನೊಂದು ‘ಭಾಗ 2: ನೆನಪುಗಳು’. ಮೂರನೆಯದು ‘ಎಚ್.ಎಸ್.’ ಎಂಬ ಫೋಲ್ಡರ್‌ನ ಒಳಗಿತ್ತು. ಬರಹಕ್ಕೆ ಏನೂ ಆಗಿರಲಿಲ್ಲ. ಒಂದು ಪ್ರಶ್ನೆ ಚಿಹ್ನೆ, ಒಂದು ಕೋಲನ್, ಕೊನೆಯಲ್ಲಿ ಒಂದು ಚುಕ್ಕಿ. ಇಷ್ಟೇ ತೊಂದರೆ.

ಅಂಗಡಿಯವರು ‘ಕನ್ನಡದಲ್ಲಿ ಹೆಸರು ಕೊಟ್ರೆ ಹೀಗೇ ಸಾರ್, ಇಂಗ್ಲಿಷಲ್ಲೇ ಕೊಡಿ’ ಅಂದರು. ಈ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಆದರೆ ಅಲ್ಲಿ ಕೆಟ್ಟಿದ್ದು ಕನ್ನಡದ ಒಂದೇ ಒಂದು ಅಕ್ಷರದಿಂದಲೂ ಅಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕನ್ನಡ ಹೆಸರನ್ನು ಚೆನ್ನಾಗಿಯೇ ಇಟ್ಟುಕೊಳ್ಳುತ್ತವೆ. ನಾವು ಕೆಲವು ವಿಷಯಗಳನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು, ಅಷ್ಟೆ. ಅವುಗಳಲ್ಲಿ ಒಂದೆರಡು ಕನ್ನಡದಲ್ಲಿ ಹೆಸರಿಡುವವರಿಗೇ ಬರುವಂಥವು. ಅವನ್ನೇ ಇಲ್ಲಿ ಜಾಸ್ತಿ ಬಿಡಿಸಿ ಹೇಳುತ್ತೇನೆ.

ಹಂತ 1: ಫೈಲ್ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಬರೆದುಕೊಳ್ಳಿ

ಹೆಸರು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್ ಒಂದೇ ಅಲ್ಲ. ಡಿಸ್ಕ್ ಯಾವ ಫೈಲ್ ಸಿಸ್ಟಮ್‌ನಲ್ಲಿ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಯಾವ ಪದ್ಧತಿಯಲ್ಲಿ, ಫಾರ್ಮ್ಯಾಟ್ ಆಗಿದೆ ಎಂಬುದೂ ಮುಖ್ಯ. ಲಿನಕ್ಸ್‌ನಲ್ಲೇ ಕೂತು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಪದ್ಧತಿಯ ಪೆನ್ ಡ್ರೈವ್‌ಗೆ ಪ್ರಶ್ನೆ ಚಿಹ್ನೆಯ ಹೆಸರು ಕಾಪಿ ಮಾಡಿ ನೋಡಿ. ಅಲ್ಲೇ ಎರರ್ ಬಂದು ನಿಲ್ಲುತ್ತದೆ. ಒಂದು ರೀತಿಯಲ್ಲಿ ಅದು ಒಳ್ಳೆಯದೇ, ತಪ್ಪು ಮನೆಯಲ್ಲೇ ಗೊತ್ತಾಗುತ್ತದೆ. ನನ್ನದು ಎನ್‌ಟಿಎಫ್‌ಎಸ್ ಆಗಿತ್ತು. ಲಿನಕ್ಸ್‌ನ ಎನ್‌ಟಿಎಫ್‌ಎಸ್ ಡ್ರೈವರ್‌ಗೆ ‘ವಿಂಡೋಸ್_ನೇಮ್ಸ್’ ಎಂಬ ಆಯ್ಕೆ ಕೊಡದಿದ್ದರೆ ಅದು ಇಂಥ ಹೆಸರನ್ನೂ ಸುಮ್ನೆ ಬರೆದುಬಿಡುತ್ತದೆ. ಆಮೇಲೆ ವಿಂಡೋಸ್‌ಗೆ ಅದನ್ನು ಮುಟ್ಟಲು ಆಗುವುದಿಲ್ಲ.

ಹಾಗಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನಿಮ್ಮ ಕಂಪ್ಯೂಟರ್, ಪೆನ್ ಡ್ರೈವ್, ಬ್ಯಾಕಪ್ ಡಿಸ್ಕ್, ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್, ಕೊನೆಗೆ ಫೈಲ್ ತೆರೆಯುವವರ ಕಂಪ್ಯೂಟರ್.

ಇವುಗಳಲ್ಲಿ ಯಾವುದೋ ಒಂದು ಎಲ್ಲದಕ್ಕಿಂತ ಬಿಗಿ, ಅದನ್ನು ದಾಟಿದರೆ ಸಾಕು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗಿಲ್ಲ. ಚಿಹ್ನೆಗಳ ವಿಷಯದಲ್ಲಿ ವಿಂಡೋಸ್ ಬಿಗಿ. ಕನ್ನಡ ಹೆಸರಿನ ಉದ್ದದ ವಿಷಯದಲ್ಲಿ ಲಿನಕ್ಸ್ ಬಿಗಿ. ಒಂದೇ ತರ ಕಾಣುವ ಎರಡು ಹೆಸರುಗಳ ವಿಷಯದಲ್ಲಿ ಮ್ಯಾಕ್ ಬಿಗಿ. ನಿಮ್ಮ ಹೆಸರು ಮೂರನ್ನೂ ದಾಟಬೇಕು.

ಹಂತ 2: ಒಂಬತ್ತು ಚಿಹ್ನೆಗಳನ್ನು ಹುಡುಕಿ

ವಿಂಡೋಸ್ ಒಪ್ಪದ ಚಿಹ್ನೆಗಳು ಇವು:

< > : " / \ | ? *

ಇವುಗಳ ಜೊತೆಗೆ ಕೋಡ್ ಸಂಖ್ಯೆ 0ಯಿಂದ 31ರವರೆಗಿನ ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರಗಳೂ ನಿಷಿದ್ಧ. ವೆಬ್ ಪುಟದಿಂದ ಶೀರ್ಷಿಕೆ ಕಾಪಿ ಮಾಡಿ ಹೆಸರಿಗೆ ಅಂಟಿಸಿದರೆ ಟ್ಯಾಬ್ ಅಥವಾ ಹೊಸ ಸಾಲಿನ ಗುರುತು ಒಳಗೆ ಸೇರಿಕೊಳ್ಳಬಹುದು. ಲಿನಕ್ಸ್‌ನಲ್ಲಿ ನಿಷೇಧ ಇರುವುದು ಎರಡಕ್ಕೇ: ಓರೆಗೆರೆ / ಮತ್ತು ಸೊನ್ನೆ ಕೋಡ್‌ನ ನಲ್ ಅಕ್ಷರ. ಅದಕ್ಕೇ ಲಿನಕ್ಸ್ ಬಳಸುವವರಿಂದ ವಿಂಡೋಸ್‌ನವರಿಗೆ ಜಾಸ್ತಿ ತೊಂದರೆ.

ಮ್ಯಾಕ್‌ನಲ್ಲಿ ಒಂದು ವಿಚಿತ್ರವಿದೆ. ಹಳೆಯ ಮ್ಯಾಕ್ ಓಎಸ್‌ನಲ್ಲಿ ಫೋಲ್ಡರ್‌ಗಳನ್ನು ಬೇರ್ಪಡಿಸುವ ಗುರುತು ಕೋಲನ್ ಆಗಿತ್ತು. ಈಗ ಒಳಗೆ ಓರೆಗೆರೆ ಬಂದಿದೆ, ಆದರೂ ಮ್ಯಾಕ್‌ನಲ್ಲಿ ಫೈಲ್‌ಗಳನ್ನು ತೋರಿಸುವ ಫೈಂಡರ್ ಹಳೆಯ ರೂಢಿ ಬಿಟ್ಟಿಲ್ಲ. ಫೈಂಡರ್‌ನಲ್ಲಿ ಕೋಲನ್ ಹಾಕಲು ಬಿಡುವುದಿಲ್ಲ, ಓರೆಗೆರೆ ಹಾಕಲು ಬಿಡುತ್ತದೆ. ‘ಸಭೆ 12/3/2019’ ಎಂದು ಹೆಸರಿಟ್ಟರೆ ಡಿಸ್ಕ್ ಮೇಲೆ ಅದು ‘ಸಭೆ 12:3:2019’ ಎಂದು ಬರೆಯಲ್ಪಡುತ್ತದೆ. ಟರ್ಮಿನಲ್‌ನಲ್ಲಿ ಪಟ್ಟಿ ತೆಗೆದರೆ ಕೋಲನ್ ಕಾಣುತ್ತದೆ. ನಮ್ಮಲ್ಲಿ ದಿನಾಂಕವನ್ನು ಓರೆಗೆರೆ ಹಾಕಿ ಬರೆಯುವ ರೂಢಿ ಇದೆಯಲ್ಲ, ಹಾಗಾಗಿ ಮ್ಯಾಕ್‌ನಿಂದ ಬರುವ ಫೈಲ್‌ಗಳಲ್ಲಿ ಮೊದಲು ದಿನಾಂಕ ನೋಡಿ.

ವಿಂಡೋಸ್‌ನಲ್ಲಿ ಕೋಲನ್ ಇನ್ನೊಂದು ಮೋಸ ಮಾಡುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಫೈಲ್‌ನ ಒಳಗೆ ಇನ್ನೊಂದು ಗುಪ್ತ ಡೇಟಾ ಹೊಳೆ ಇಡುವ ಸೌಲಭ್ಯವಿದೆ, ಅದನ್ನು ಕರೆಯುವ ಗುರುತೇ ಕೋಲನ್. ನೀವೇ ಬರೆದ ಪ್ರೋಗ್ರಾಂ ‘ವರದಿ:1’ ಎಂಬ ಫೈಲ್ ಸೃಷ್ಟಿಸಲು ಹೋದರೆ ಎರರ್ ಬಾರದೇ ಇರಬಹುದು. ‘ವರದಿ’ ಎಂಬ ಹೆಸರಿನ, ಸೊನ್ನೆ ಬೈಟ್ ಎಂದು ತೋರಿಸುವ ಫೈಲ್ ಹುಟ್ಟುತ್ತದೆ. ಬರೆದದ್ದೆಲ್ಲ ಆ ಗುಪ್ತ ಹೊಳೆಯಲ್ಲಿ ಕೂತಿರುತ್ತದೆ. ಪೆನ್ ಡ್ರೈವ್ ಎಕ್ಸ್‌ಫ್ಯಾಟ್ ಆಗಿದ್ದರೆ, ಕಾಪಿ ಮಾಡಿದಾಗ ಅದು ಕಳೆದೇ ಹೋಗುತ್ತದೆ.

ಬದಲಿಗೆ ಏನು ಹಾಕಬೇಕು? ದಿನಾಂಕವನ್ನು 2019-03-12 ಎಂದು ವರ್ಷ ಮೊದಲು ಬರುವಂತೆ ಬರೆಯಿರಿ. ಫೈಲ್‌ಗಳು ಕಾಲಕ್ರಮದಲ್ಲೂ ನಿಲ್ಲುತ್ತವೆ. ಕೋಲನ್ ಇದ್ದಲ್ಲಿ ಸಣ್ಣ ಅಡ್ಡಗೆರೆ ಸಾಕು. ಪ್ರಶ್ನೆ ಚಿಹ್ನೆಯನ್ನು ತೆಗೆದೇಬಿಡಿ, ಅದು ಲೇಖನದ ಒಳಗಿನ ಶೀರ್ಷಿಕೆಯಲ್ಲಿ ಇದ್ದೇ ಇರುತ್ತದೆ. ಪ್ರಶ್ನೆ ಚಿಹ್ನೆಯಂತೆಯೇ ಕಾಣುವ, ಚೀನೀ ಬರಹಕ್ಕೆಂದು ಇರುವ ಅಗಲದ ಚಿಹ್ನೆ ಹಾಕಿ ಎಂದು ಕೆಲವರು ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಅದನ್ನು ಕೀಲಿಮಣೆಯಲ್ಲಿ ಒತ್ತಲು ಆಗುವುದಿಲ್ಲ, ಆಮೇಲೆ ಹುಡುಕಲೂ ಆಗುವುದಿಲ್ಲ.

ಹಂತ 3: ಹೆಸರಿನ ಎರಡೂ ತುದಿ ನೋಡಿ

ವಿಂಡೋಸ್‌ನಲ್ಲಿ ಹೆಸರು ಚುಕ್ಕಿಯಿಂದಲೂ ಮುಗಿಯಬಾರದು, ಖಾಲಿ ಜಾಗದಿಂದಲೂ ಮುಗಿಯಬಾರದು. ಫೈಲ್‌ಗೆ ಕೊನೆಯಲ್ಲಿ .ಪಿಡಿಎಫ್ ತರದ ಎಕ್ಸ್‌ಟೆನ್ಷನ್ ಇರುವುದರಿಂದ ಅದು ಹೇಗೋ ಉಳಿದುಕೊಳ್ಳುತ್ತದೆ. ಸಿಕ್ಕಿಬೀಳುವುದು ಫೋಲ್ಡರ್. ನಾವು ಹೆಸರಿನ ಮೊದಲಕ್ಷರಗಳನ್ನು ‘ಎಚ್.ಎಸ್.’, ‘ಕೆ.ವಿ.’ ಎಂದು ಚುಕ್ಕಿ ಸಮೇತ ಬರೆಯುತ್ತೇವೆ. ಶೀರ್ಷಿಕೆ ಕೊನೆಗೆ ‘ಹೀಗೊಂದು ದಿನ...’ ಎಂದು ಮೂರು ಚುಕ್ಕಿ ಇಡುವುದೂ ಉಂಟು. ಲಿನಕ್ಸ್‌ನಲ್ಲಿ ಹುಟ್ಟಿದ ಇಂಥ ಫೋಲ್ಡರ್ ವಿಂಡೋಸ್‌ಗೆ ಬಂದರೆ, ವಿಂಡೋಸ್ ಕೊನೆಯ ಚುಕ್ಕಿಯನ್ನು ಉದುರಿಸಿಕೊಂಡು ಹುಡುಕುತ್ತದೆ. ಆ ಹೆಸರಿನದು ಸಿಗುವುದಿಲ್ಲ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೂರ್ತಿ ಪಾತ್‌ನ (ಡ್ರೈವ್, ಫೋಲ್ಡರ್, ಫೈಲ್ ಎಲ್ಲ ಸೇರಿದ ವಿಳಾಸ) ಶುರುವಿನಲ್ಲಿ \\?\ ಸೇರಿಸಿ ಕೊಡಿ. ಆಗ ವಿಂಡೋಸ್ ಹೆಸರನ್ನು ತಿದ್ದದೆ ಇದ್ದ ಹಾಗೇ ತೆಗೆದುಕೊಳ್ಳುತ್ತದೆ, ಬದಲಾಯಿಸಲೂ ಅಳಿಸಲೂ ಆಗುತ್ತದೆ.

ಹೆಸರಿನ ಶುರುವಿನಲ್ಲಿ ಚುಕ್ಕಿ ಇದ್ದರೆ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಫೈಲ್ ಮರೆಯಾಗುತ್ತದೆ. ಅಡ್ಡಗೆರೆ ಇದ್ದರೆ ಕಮಾಂಡ್‌ಗಳು ಅದನ್ನು ಆಯ್ಕೆ ಎಂದು ತಿಳಿಯುತ್ತವೆ.

ಹಂತ 4: ಮೀಸಲು ಹೆಸರು, ದೊಡ್ಡಕ್ಷರ, ಸಣ್ಣಕ್ಷರ

ಡಾಸ್ ಕಾಲದಿಂದ ಉಳಿದುಬಂದ ಸಾಧನಗಳ ಹೆಸರುಗಳನ್ನು ವಿಂಡೋಸ್ ಫೈಲ್‌ಗೆ ಕೊಡುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಸಿಓಎನ್, ಪಿಆರ್‌ಎನ್, ಎಯುಎಕ್ಸ್, ಎನ್‌ಯುಎಲ್. ಆಮೇಲೆ ಸಿಓಎಂ ಮತ್ತು ಎಲ್‌ಪಿಟಿ, ಅವುಗಳ ಕೊನೆಗೆ 1ರಿಂದ 9ರವರೆಗಿನ ಒಂದು ಅಂಕಿ. ಎಕ್ಸ್‌ಟೆನ್ಷನ್ ಸೇರಿಸಿದರೂ ಇವುಗಳಿಂದ ದೂರ ಇರುವುದೇ ಕ್ಷೇಮ. ಕನ್ನಡ ಲಿಪಿಯಲ್ಲಿ ‘ಕಾನ್’ ಎಂದು ಇಟ್ಟರೆ ಏನೂ ಆಗುವುದಿಲ್ಲ.

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದಿಲ್ಲ, ಆ ತಲೆನೋವು ನಮಗೆ ಕಡಿಮೆ. ಇಂಗ್ಲಿಷ್ ಹೆಸರು ಬೆರೆತಿದ್ದರೆ ಮಾತ್ರ ನೋಡಿ. ಲಿನಕ್ಸ್ ಅವೆರಡನ್ನೂ ಬೇರೆ ಬೇರೆ ಎಂದು ಎಣಿಸುತ್ತದೆ. ವಿಂಡೋಸ್ ಮತ್ತು ಮಾಮೂಲಿ ಮ್ಯಾಕ್ ಒಂದೇ ಎಂದು ಎಣಿಸುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್‌ನಲ್ಲೇ, ನೆಟ್‌ಫಿಲ್ಟರ್ ಎಂಬ ವಿಭಾಗದಲ್ಲಿ, ದೊಡ್ಡ-ಸಣ್ಣ ಅಕ್ಷರದಿಂದ ಮಾತ್ರ ಬೇರೆಯಾಗುವ ಫೈಲ್‌ಗಳಿವೆ. ಅದನ್ನು ವಿಂಡೋಸ್‌ನಲ್ಲಿ ಕ್ಲೋನ್ (ಪೂರ್ತಿ ನಕಲು) ಮಾಡಿದರೆ ಜೋಡಿಯಲ್ಲಿ ಒಂದೇ ಉಳಿಯುತ್ತದೆ.

ಹಂತ 5: ಉದ್ದ ಅಳೆಯಿರಿ, ಬೈಟ್ ಲೆಕ್ಕದಲ್ಲಿ

ಹೆಸರಿನ ಮಿತಿ 255 ಎಂದು ಎಲ್ಲ ಕಡೆ ಬರೆದಿರುತ್ತದೆ. 255 ಏನು ಎಂಬುದೇ ಪ್ರಶ್ನೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಅದು 255 ಯುಟಿಎಫ್-16 (ಯೂನಿಕೋಡ್ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಒಂದು ರೀತಿ) ಘಟಕ, ಅಂದರೆ ಒಂದು ಕನ್ನಡ ಯೂನಿಕೋಡ್ ಚಿಹ್ನೆಗೆ ಒಂದು ಲೆಕ್ಕ. ಲಿನಕ್ಸ್‌ನ ಫೈಲ್ ಸಿಸ್ಟಮ್ ಎಕ್ಸ್‌ಟಿ4ರಲ್ಲಿ ಅದು 255 ಬೈಟ್. ಅಲ್ಲಿ ಬಳಸುವ ಯುಟಿಎಫ್-8 ಎಂಬ ಇನ್ನೊಂದು ರೀತಿಯಲ್ಲಿ ಕನ್ನಡದ ಪ್ರತಿ ಚಿಹ್ನೆ 3 ಬೈಟ್ ತಿನ್ನುತ್ತದೆ. ಹಾಗಾಗಿ ನಮಗೆ ಸಿಗುವುದು ಬರೀ 85 ಚಿಹ್ನೆ.

ಚಿಹ್ನೆ ಅಂದರೆ ನಾವು ಓದುವ ಅಕ್ಷರವೂ ಅಲ್ಲ. ‘ಸ್ವಾತಂತ್ರ್ಯ’ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರೇ ಅಕ್ಷರ: ಸ್ವಾ, ತಂ, ತ್ರ್ಯ. ಕಂಪ್ಯೂಟರ್ ಒಳಗೆ ವ್ಯಂಜನ, ವಿರಾಮ, ದೀರ್ಘ, ಸೊನ್ನೆ ಎಲ್ಲ ಬೇರೆ ಬೇರೆ. ಸ್ವಾ ನಾಲ್ಕು, ತಂ ಎರಡು, ತ್ರ್ಯ ಐದು, ಒಟ್ಟು 11 ಚಿಹ್ನೆ, 33 ಬೈಟ್. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ಮುಗಿಯುತ್ತದೆ.

ಈಗ ಒಂದು ನಿಜವಾದ ಶೀರ್ಷಿಕೆ: ‘ಸ್ವಾತಂತ್ರ್ಯ ಚಳವಳಿಯಲ್ಲಿ ನಮ್ಮ ಊರಿನ ಹೆಣ್ಣುಮಕ್ಕಳ ಪಾತ್ರ’. ಆರೇ ಪದ. 45 ಕನ್ನಡ ಚಿಹ್ನೆ, 5 ಖಾಲಿ ಜಾಗ, ಕೊನೆಯ .ಪಿಡಿಎಫ್‌ಗೆ ಇಂಗ್ಲಿಷ್‌ನಲ್ಲಿ 4. ವಿಂಡೋಸ್ ಲೆಕ್ಕದಲ್ಲಿ 54. ಲಿನಕ್ಸ್ ಲೆಕ್ಕದಲ್ಲಿ 135+5+4, ಅಂದರೆ 144 ಬೈಟ್. ಇನ್ನೂ 255ರ ಒಳಗೇ ಇದೆಯಲ್ಲ ಅನ್ನಬಹುದು. ಆದರೆ ಹಳೆಯ ಉಬುಂಟುವಿನಲ್ಲಿ ಹೋಮ್ ಫೋಲ್ಡರ್‌ಗೆ ಬೀಗ ಹಾಕಲು ಬಳಸುತ್ತಿದ್ದ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಹೆಸರಿನ ಮಿತಿ 143 ಬೈಟ್ ಮಾತ್ರ. ಹೆಸರನ್ನೂ ಗೂಢಲಿಪಿಗೆ ತಿರುಗಿಸಿದಾಗ ಅದು ಉದ್ದವಾಗುತ್ತದೆ, ಅದಕ್ಕೆ ಜಾಗ ಬಿಡಬೇಕಲ್ಲ. ಈ ಶೀರ್ಷಿಕೆ ಅಲ್ಲಿ ಒಂದೇ ಒಂದು ಬೈಟ್‌ನಿಂದ ನಪಾಸು.

ನಾನು ಇಟ್ಟುಕೊಂಡಿರುವ ಮಿತಿ 120 ಬೈಟ್, ಸುಮಾರು 40 ಕನ್ನಡ ಚಿಹ್ನೆ. ನಕಲು ಮಾಡಿದಾಗ ಹೆಸರಿನ ಕೊನೆಗೆ ಸೇರಿಕೊಳ್ಳುವ ಅಂಕಿಗಳಿಗೂ ಜಾಗ ಉಳಿಯುತ್ತದೆ.

ಪೂರ್ತಿ ಪಾತ್‌ನ ಉದ್ದವನ್ನೂ ನೋಡಿ. ಇಲ್ಲಿ ವಿಂಡೋಸ್ ಬಿಗಿ: ಡ್ರೈವ್ ಅಕ್ಷರದಿಂದ ಕೊನೆಯ ನಲ್‌ವರೆಗೆ ಸೇರಿಸಿ 260. 2016ರ ವಿಂಡೋಸ್ 10ರ 1607 ಆವೃತ್ತಿಯಿಂದ ಈ ಮಿತಿ ತೆಗೆಯಬಹುದು, ಆದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ಬದಲಾಯಿಸಬೇಕು, ಆ್ಯಪ್ ಕೂಡ ಒಪ್ಪಬೇಕು. ಅಂಗಡಿಯ ಕಂಪ್ಯೂಟರ್‌ನಲ್ಲಿ ಅದನ್ನೆಲ್ಲ ನೆಚ್ಚಿಕೊಳ್ಳಬೇಡಿ. ಒನ್‌ಡ್ರೈವ್‌ನಲ್ಲಿ ಪಾತ್ ಮಿತಿ 400. ಲಿನಕ್ಸ್‌ನಲ್ಲಿ 4096 ಬೈಟ್, ಅಲ್ಲಿ ಚಿಂತೆಯಿಲ್ಲ.

ಹಂತ 6: ಅವಳಿ ಹೆಸರುಗಳನ್ನು ಹಿಡಿಯಿರಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಹಂತ. ಒಂದೇ ಫೋಲ್ಡರ್‌ನಲ್ಲಿ ‘ಕೋಟೆ’ ಎಂಬ ಎರಡು ಫೈಲ್ ಕಂಡರೆ ಏನು ಮಾಡುತ್ತೀರಿ? ಅಕ್ಷರ ಅಕ್ಷರ ಹೋಲಿಸಿದರೂ ವ್ಯತ್ಯಾಸ ಕಾಣುವುದಿಲ್ಲ.

ಯೂನಿಕೋಡ್‌ನಲ್ಲಿ ‘ಕೋ’ ಬರೆಯಲು ಒಂದಕ್ಕಿಂತ ಹೆಚ್ಚು ದಾರಿಯಿದೆ. ಕ ಮತ್ತು ಓತ್ವದ ಒಂದೇ ಚಿಹ್ನೆ, ಇದು ಕೂಡಿದ ರೂಪ. ಕ, ಎತ್ವ, ಊತ್ವದ ಕೊಂಬು, ಕೊನೆಗೆ ದೀರ್ಘದ ಚಿಹ್ನೆ, ಇದು ಬಿಡಿಸಿದ ರೂಪ. ಕೂಡಿದ್ದಕ್ಕೆ ಎನ್‌ಎಫ್‌ಸಿ, ಬಿಡಿಸಿದ್ದಕ್ಕೆ ಎನ್‌ಎಫ್‌ಡಿ ಎನ್ನುತ್ತಾರೆ. ಕೀ, ಕೇ, ಕೈ, ಕೊ, ಕೋ ಐದಕ್ಕೂ ಹೀಗೆ ಎರಡು ರೂಪ ಇವೆ. ‘ಕೋಟೆ’ ಕೂಡಿದ ರೂಪದಲ್ಲಿ 12 ಬೈಟ್, ಬಿಡಿಸಿದರೆ 18. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು. ಅದರ ಜಾಗಕ್ಕೆ 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ಹಾಗೇ ಇಡುತ್ತದೆ, ಆದರೆ ಎರಡನ್ನೂ ಒಂದೇ ಹೆಸರು ಎಂದು ಎಣಿಸುತ್ತದೆ. ಲಿನಕ್ಸ್ ಮತ್ತು ವಿಂಡೋಸ್‌ಗೆ ಇವು ಬೇರೆ ಬೇರೆ. ಹಾಗಾಗಿ ಹಳೆಯ ಮ್ಯಾಕ್ ಡಿಸ್ಕ್‌ನಿಂದ ಬಂದ ‘ಕೋಟೆ’, ವಿಂಡೋಸ್‌ನಿಂದ ಬಂದ ‘ಕೋಟೆ’ ಎರಡೂ ಲಿನಕ್ಸ್‌ನಲ್ಲಿ ಅಕ್ಕಪಕ್ಕ ಕೂರುತ್ತವೆ. ಮ್ಯಾಕ್‌ಗೆ ಹೋದಾಗ ಒಂದರ ಮೇಲೊಂದು ಬೀಳುತ್ತವೆ.

ಇನ್ನೊಂದು ಅವಳಿ, ಝೀರೋ ವಿಡ್ತ್ ನಾನ್ ಜಾಯ್ನರ್. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಕೆಳಗೆ ವ ಒತ್ತಾಗಿ ಹೋಗದಂತೆ ತಡೆಯುವ, ಅಗಲವೇ ಇಲ್ಲದ ಗುರುತು ಅದು. ಪದದ ನಡುವೆ ಇದ್ದರೆ ಅದು ಬೇಕು. ಆದರೆ ಕೆಲವರ ಕೈ ರೂಢಿಯಿಂದ ಪದದ ಕೊನೆಯಲ್ಲೂ ಒತ್ತಿಬಿಡುತ್ತದೆ. ಆಗ ‘ಸಾಗರ್’ ಎರಡು ಆಗುತ್ತದೆ. ಎಚ್‌ಎಫ್‌ಎಸ್ ಪ್ಲಸ್ ಹೆಸರು ಹೋಲಿಸುವಾಗ ಈ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಇದೇ ಕಾರಣಕ್ಕೆ 2014ರ ಡಿಸೆಂಬರ್‌ನಲ್ಲಿ, ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ತಂತ್ರಾಂಶದವರು ತುರ್ತಾಗಿ ಭದ್ರತಾ ತಿದ್ದುಪಡಿ ತರಬೇಕಾಯಿತು. ಗಿಟ್‌ನ ಗುಪ್ತ ಫೋಲ್ಡರ್‌ನ ಹೆಸರಿನ ನಡುವೆ ಈ ಗುರುತು ಸೇರಿಸಿ ಮ್ಯಾಕ್ ಅನ್ನು ಯಾಮಾರಿಸಬಹುದಿತ್ತು.

ಮೂರನೆಯದು ಅಪ್ಪಟ ನಮ್ಮದೇ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿ ಸೊನ್ನೆ. ಹಳೆಯ ಫಾಂಟ್‌ಗಳಿಂದ ಯೂನಿಕೋಡ್‌ಗೆ ತಿರುಗಿಸಿದ ಬರಹದಲ್ಲಿ ಇದು ಸಿಗುತ್ತದೆ. ಎನ್‌ಎಫ್‌ಸಿ ಮಾಡಿದರೂ ಇದು ಸರಿಹೋಗುವುದಿಲ್ಲ, ಯಾಕೆಂದರೆ ಯೂನಿಕೋಡ್ ಕಣ್ಣಿಗೆ ಎರಡೂ ಸರಿಯಾದ ಚಿಹ್ನೆಗಳೇ. ಕನ್ನಡ ಅಕ್ಷರದ ಪಕ್ಕದಲ್ಲೇ ಅಂಕಿ ೦ ಇದ್ದರೆ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು.

ಹಂತ 7: ಪರೀಕ್ಷೆ ಓಡಿಸಿ

ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಫೈಂಡ್ ಕಮಾಂಡ್‌ನಿಂದ ಶುರುಮಾಡಿ. ಅದರ ನೇಮ್ ಆಯ್ಕೆಗೆ '*[<>:"|?*\\]*' ಎಂಬ ನಮೂನೆ ಕೊಟ್ಟರೆ ನಿಷಿದ್ಧ ಚಿಹ್ನೆ ಇರುವ ಹೆಸರೆಲ್ಲ ಬರುತ್ತವೆ. '*[. ]' ಕೊಟ್ಟರೆ ಚುಕ್ಕಿ ಅಥವಾ ಖಾಲಿ ಜಾಗದಿಂದ ಮುಗಿಯುವವು ಬರುತ್ತವೆ. ಬರೀ ಒಂದು ಚುಕ್ಕಿಯ ಸಾಲು ಕಂಡರೆ ಬಿಟ್ಟುಬಿಡಿ, ಅದು ನೀವು ನಿಂತಿರುವ ಫೋಲ್ಡರ್.

ಇದೇ ಕೆಲಸಕ್ಕೆಂದು ‘ಪಾತ್‌ಚೆಕ್’ (pathchk) ಎಂಬ ಕಮಾಂಡ್ ಇದೆ. ಅದಕ್ಕೆ ಸಣ್ಣ ಪಿ ಆಯ್ಕೆ ಕೊಟ್ಟರೆ ಪಾಸಿಕ್ಸ್ ಎಂಬ ಯುನಿಕ್ಸ್ ಮಾನದಂಡದ ನಿಯಮದಂತೆ ನೋಡುತ್ತದೆ: ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ, ಅಡ್ಡಗೆರೆ ಮಾತ್ರ, ಉದ್ದ 14. ಕನ್ನಡದ ಯಾವ ಹೆಸರೂ ಇದರಲ್ಲಿ ಪಾಸಾಗುವುದಿಲ್ಲ. ಅದನ್ನು ನೋಡಿ ಕನ್ನಡವೇ ತಪ್ಪು ಎಂದುಕೊಳ್ಳಬೇಡಿ, ಆ ಅಳತೆ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ.

ಪೈಥಾನ್ ಗೊತ್ತಿದ್ದರೆ ಪಾತ್‌ವ್ಯಾಲಿಡೇಟ್ ಎಂಬ ಲೈಬ್ರರಿ ಹಾಕಿಕೊಳ್ಳಿ. ಚಿಹ್ನೆ, ಮೀಸಲು ಹೆಸರು, ಉದ್ದ ನೋಡುತ್ತದೆ. ಒಂದೊಂದೇ ಹೆಸರು ನೋಡುವುದರಿಂದ ಅವಳಿಗಳನ್ನು ಅದು ಹಿಡಿಯುವುದಿಲ್ಲ. ಅದಕ್ಕೆ ಹತ್ತು ಸಾಲಿನ ಕೋಡ್ ನೀವೇ ಬರೆಯಬೇಕು, ಹೀಗೆ: ಫೋಲ್ಡರ್‌ನ ಪ್ರತಿ ಹೆಸರನ್ನೂ ಎನ್‌ಎಫ್‌ಸಿಗೆ ತನ್ನಿ. ಅದರಿಂದ ಅಗಲವಿಲ್ಲದ ಗುರುತುಗಳನ್ನು ತೆಗೆಯಿರಿ. ಅಂಕಿ ೦ ಅನ್ನು ಅನುಸ್ವಾರಕ್ಕೆ ಬದಲಾಯಿಸಿ. ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಣ್ಣದು ಮಾಡಿ. ಹೀಗೆ ಸಿಕ್ಕಿದ್ದು ಹೋಲಿಕೆಗೆ ಮಾತ್ರ, ಫೈಲ್‌ಗೆ ಇಡುವ ಹೆಸರಲ್ಲ. ಎರಡು ಫೈಲ್‌ಗಳಿಗೆ ಒಂದೇ ಫಲಿತಾಂಶ ಬಂದರೆ ಅವು ಅವಳಿ. ಬೈಟ್ ಉದ್ದಕ್ಕೆ ಹೆಸರನ್ನು ಯುಟಿಎಫ್-8ಕ್ಕೆ ತಿರುಗಿಸಿ ಎಣಿಸಿ.

ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಹೆಸರು ಶುದ್ಧ ಮಾಡಲು ಸಿಗುವ ಸಿದ್ಧ ಕೋಡ್‌ಗಳಲ್ಲಿ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (ಪದದ ಅಕ್ಷರಗಳ ಗುಂಪು) ಅಲ್ಲದ್ದನ್ನೆಲ್ಲ ಅಡಿಗೆರೆ ಮಾಡು’ ಎಂಬ ರೆಗೆಕ್ಸ್, ಅಂದರೆ ಅಕ್ಷರಗಳನ್ನು ಹುಡುಕುವ ನಮೂನೆ, ಬಹಳ ಕಡೆ ಇರುತ್ತದೆ. ಪೈಥಾನ್‌ನಲ್ಲಿ ಆ ಗುಂಪಿಗೆ ಕನ್ನಡದ ವ್ಯಂಜನ, ಸ್ವರ ಸೇರುತ್ತವೆ. ಕಾಗುಣಿತದ ಚಿಹ್ನೆ, ವಿರಾಮ, ಅನುಸ್ವಾರ ಸೇರುವುದಿಲ್ಲ. ‘ಕನ್ನಡ’ ಕೊಟ್ಟರೆ ‘ಕನ_ನಡ’ ಬರುತ್ತದೆ. ‘ಮೈಸೂರು’ ಕೊಟ್ಟರೆ ‘ಮ_ಸ_ರ_’. ಹೀಗೆ ಹಾಳಾದ ಹೆಸರನ್ನು ಹಿಂದಕ್ಕೆ ತರಲು ಯಾವ ದಾರಿಯೂ ಇಲ್ಲ. ನಿಷಿದ್ಧವಾದದ್ದನ್ನು ಮಾತ್ರ ತೆಗೆಯುವ ಕೋಡ್ ಬರೆಯಿರಿ.

ಹಂತ 8: ಹೆಸರು ಬದಲಾಯಿಸಿ, ಆದರೆ ಪಟ್ಟಿ ಮೊದಲು

ಮೊದಲು ಪೂರ್ತಿ ಫೋಲ್ಡರ್‌ನ ಒಂದು ನಕಲು ಬೇರೆ ಡಿಸ್ಕ್‌ನಲ್ಲಿ ಇಡಿ. ಆಮೇಲೆ ಹಳೆಯ ಹೆಸರು ಒಂದು ಕಾಲಂ, ಹೊಸ ಹೆಸರು ಇನ್ನೊಂದು ಕಾಲಂ ಮಾಡಿ ಪಟ್ಟಿ ಬರೆಯಿರಿ. ಹೊಸ ಹೆಸರುಗಳ ಕಾಲಂ ಮೇಲೆ ಪೂರ್ತಿ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿ. ಇದನ್ನು ಬಿಟ್ಟರೆ ‘ಯಾರು?’ ಮತ್ತು ‘ಯಾರು’ ಎರಡೂ ‘ಯಾರು’ ಆಗಿ ಒಂದು ಇನ್ನೊಂದನ್ನು ಅಳಿಸಿಬಿಡಬಹುದು. ಫೋಲ್ಡರ್‌ಗಳನ್ನು ಒಳಗಿನಿಂದ ಹೊರಗೆ ಬದಲಾಯಿಸುತ್ತ ಬನ್ನಿ. ಹೊರಗಿನದು ಮೊದಲು ಬದಲಾದರೆ ಪಟ್ಟಿಯಲ್ಲಿರುವ ಒಳಗಿನ ಪಾತ್‌ಗಳೆಲ್ಲ ತಪ್ಪುತ್ತವೆ.

ಎನ್‌ಎಫ್‌ಡಿಯಿಂದ ಎನ್‌ಎಫ್‌ಸಿಗೆ ತರಲು ಲಿನಕ್ಸ್‌ನಲ್ಲಿ ಕಾನ್ವ್‌ಎಂವಿ ಎಂಬ ಕಮಾಂಡ್ ಇದೆ. ನೀವಾಗಿ ‘ನೋಟೆಸ್ಟ್’ ಆಯ್ಕೆ ಕೊಡುವವರೆಗೂ ಅದು ಏನು ಮಾಡುತ್ತೇನೆ ಎಂದು ತೋರಿಸುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಎಂಬ ಉಪಕರಣಗಳ ಗುಂಪಿನ ಪವರ್‌ರಿನೇಮ್ ಚೆನ್ನಾಗಿದೆ, ಹಳೆಯದು ಹೊಸದು ಅಕ್ಕಪಕ್ಕ ತೋರಿಸಿ ಒಪ್ಪಿಗೆ ಕೇಳುತ್ತದೆ.

ಹಂತ 9: ಒಂದು ಸುತ್ತು ಹಾಕಿಸಿ ಎಣಿಸಿ

ಫೈಲ್‌ಗಳನ್ನು ಪೆನ್ ಡ್ರೈವ್‌ಗೆ ಹಾಕಿ, ಹೋಗಬೇಕಾದ ಕಂಪ್ಯೂಟರ್‌ಗೆ ಇಳಿಸಿ, ಅಲ್ಲಿಂದ ಮತ್ತೆ ನಿಮ್ಮ ಕಂಪ್ಯೂಟರ್‌ಗೆ ತಂದು ಎಣಿಸಿ. ಮ್ಯಾಕ್ ನಡುವೆ ಬಂದಿದ್ದರೆ ಎಕ್ಸ್‌ಫ್ಯಾಟ್ ಡ್ರೈವ್‌ನಲ್ಲಿ ‘._’ ಎಂದು ಶುರುವಾಗುವ ಪುಟ್ಟ ಫೈಲ್‌ಗಳು ಸೇರಿರುತ್ತವೆ, ಅವನ್ನು ಬಿಟ್ಟು ಎಣಿಸಿ. ಗೂಗಲ್ ಡ್ರೈವ್ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇಟ್ಟುಕೊಳ್ಳುತ್ತದೆ, ಡೌನ್‌ಲೋಡ್ ಮಾಡಿದ ಮೇಲೆ ಹೆಸರು ಬದಲಾಗಿರಬಹುದು. ಎಣಿಕೆಯ ಜೊತೆಗೆ ಹೆಸರುಗಳ ಪಟ್ಟಿಯನ್ನೂ ಹೋಲಿಸಿ. ಸೊನ್ನೆ ಬೈಟ್‌ನ ಫೈಲ್ ಇದೆಯೇ ಎಂದೂ ನೋಡಿ.

ಆ ಸಂಚಿಕೆಯ ಎರಡನೆಯ ಸುತ್ತಿಗೆ ಡಿಟಿಪಿ ಅಂಗಡಿಗೆ ಹೋದಾಗ ಮೊದಲು ಫೋಲ್ಡರ್‌ನ ಪ್ರಾಪರ್ಟೀಸ್ ತೆರೆಯಲು ಹೇಳಿದೆ. 118 ಎಂದು ತೋರಿಸಿತು. ‘ನಮ್ಮ ಮೊದಲ ಮೇಷ್ಟ್ರು ಯಾರು’ ಮೇಲೆ ಅವರೇ ಕ್ಲಿಕ್ ಮಾಡಿದರು, ತೆರೆಯಿತು. ಒಳಗಿನ ಶೀರ್ಷಿಕೆಯಲ್ಲಿ ಪ್ರಶ್ನೆ ಚಿಹ್ನೆ ಹಾಗೇ ಇತ್ತು.